ನಕ್ಷೆ ಕೋಣೆಯ ಪಂಕ್ತಿ

ಜುಲೈ 9

ಕುಲಪತಿಗಳು ಕರೆಸಿ, ಕುರ್ಚಿ ತೋರಿಸಿ, ಚಹಾ ತರಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆ ಕೋಣೆಯಲ್ಲಿ ಚಹಾ ಕುಡಿದವರೆಲ್ಲ ಏನಾದರೊಂದು ಕಳೆದುಕೊಂಡೇ ಹೊರಗೆ ಬಂದಿದ್ದಾರೆ.

"ಸುನಂದಾ ಮೇಡಂ, ನಮ್ಮಲ್ಲಿ ಚೀನೀ ಭಾಷೆ ಶುರು ಮಾಡ್ತಾ ಇದ್ದೀವಿ. ನೀವೇ ಸಂಚಾಲಕರು" ಎಂದರು. ಮೈಸೂರು ಕಡೆಯವರು, ಮಾತು ಮೆತ್ತಗೆ. ನಾನು ನಕ್ಕೆ. ಅವರು ನಗಲಿಲ್ಲ.

ಚೀನೀ ಭಾಷೆ! ಇತಿಹಾಸ ವಿಭಾಗದಲ್ಲಿ ನಾವಿರುವುದು ಇಬ್ಬರೇ ಅಧ್ಯಾಪಕರು. ಉರ್ದು ವಿಭಾಗಕ್ಕೆ ಬೀಗ ಬಿದ್ದು, ಆ ಬೀಗಕ್ಕೂ ತುಕ್ಕು ಹಿಡಿದಿದೆ. ನಿಜಾಮರು ಕಟ್ಟಿಸಿ, ಇಂಗ್ಲಿಷ್ ಪ್ರಿನ್ಸಿಪಾಲರು ಆಳಿದ ಕಾಲೇಜು ಇದು. ಈಗ ಬೋರ್ಡಿನ ಮೇಲೆ ವಿಶ್ವವಿದ್ಯಾಲಯ ಎಂದು ಬರೆದಿದ್ದಾರೆ, ರಾಯಚೂರಿನ ಬಾಯಲ್ಲಿ ಮಾತ್ರ ಇನ್ನೂ ಕಮಾನು ಕಾಲೇಜು. ಇಷ್ಟು ಕಮಾನುಗಳ ನಡುವೆ ಮಳೆಗಾಲದಲ್ಲಿ ಸೋರದ ಕೋಣೆ ಒಂದೇ ಒಂದು, ಅದು ನನ್ನ ನಕ್ಷೆ ಕೋಣೆ. ಗೋಡೆ ತುಂಬ ಕೃಷ್ಣಾ ತುಂಗಭದ್ರೆಯರ ನಡುವಿನ ನಾಡಿನ ಹಳೆಯ ಬಟ್ಟೆ ನಕ್ಷೆಗಳು. ಅದನ್ನು ಪರೀಕ್ಷಾ ವಿಭಾಗದವರಿಂದ, ಯೋಗ ದಿನದವರಿಂದ, ಹಳೆ ಬೆಂಚು ತುಂಬಲು ಬಂದವರಿಂದ ಕಾಪಾಡಿಕೊಂಡು ಬಂದವಳು ನಾನು.

"ಆ ಕೋಣೆಯನ್ನೇ ಕೊಡೋಣ, ಅಲ್ಲಿ ಫ್ಯಾನು ಚೆನ್ನಾಗಿವೆ" ಎಂದರು ಕುಲಪತಿಗಳು. ನನ್ನ ಮುಖ ನೋಡಿ ಸಮಾಧಾನಕ್ಕೆ ಒಂದು ಮಾತು ಸೇರಿಸಿದರು: "ಸರ್ಕಾರದ ಮಂಜೂರಾತಿ ಸಿಗದಿದ್ದರೆ ಕೋಣೆ ಮತ್ತೆ ನಿಮಗೇ."

ಸರಿ. ಸಿಗದಿರಲಿ ಎಂದು ದೇವರನ್ನು ಬೇಡಿಕೊಂಡೆ. ಸಾಲದ್ದಕ್ಕೆ, ದುಡ್ಡು ಕೊಡುವವರು ಯಾರೆಂದು ಕೇಳಿದಾಗ ಬಂದ ಉತ್ತರಕ್ಕೆ ಪಿತ್ತ ನೆತ್ತಿಗೇರಿತು. ಮಾನ್ವಿಯ ಅಕ್ಕಿ ಗಿರಣಿ ಮಾಲೀಕರ ಸಂಘವಂತೆ. ಅದರ ಅಧ್ಯಕ್ಷ ನನ್ನ ಸ್ವಂತ ಅಣ್ಣ ಜಂಬಣ್ಣ.

ಜುಲೈ 13

ಮಾನ್ವಿಗೆ ಹೋಗಿ ಜಗಳ ಮಾಡಿ ಬಂದೆ.

"ಅಣ್ಣಾ, ನನಗ ಒಂದು ಮಾತು ಹೇಳಾಕ ಬರ್ತಿದ್ದಿಲ್ಲೇನು?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

ಅದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಣ್ಣನ ದುಃಖ ಇಷ್ಟು. ಅಕ್ಕಿಯಲ್ಲಿ ಕಪ್ಪು ಕಾಳು ಆರಿಸುವ ಯಂತ್ರ ಈಗ ಎಲ್ಲ ಗಿರಣಿಯಲ್ಲೂ ಚೀನಾದ್ದು. "ಒಮ್ಮಿಂದೊಮ್ಮೆ ನಿಂತುಬಿಡ್ತದ. ಪರದೆ ಮ್ಯಾಲ ಚೀನೀ ಅಕ್ಷರ, ಕೆಂಪು ದೀಪ, ಕುಂಯ್ ಕುಂಯ್ ಅಂತ ಹೊಯ್ಕೊಳ್ಳಾಕ ಶುರು. ಹೈದರಾಬಾದಿನಿಂದ ಒಬ್ಬ ಸಾಹೇಬ ಬರೂತನ ಗಿರಣಿ ಬಂದ್. ಅವ ಬಂದು ಏನೋ ಒತ್ತತಾನ, ಹೋಗ್ತಾನ. ನಮ್ಮ ಹುಡುಗ್ರು ಕಲತ್ರ ಏನು ತಪ್ಪು?"

ತಪ್ಪೇನಿಲ್ಲ. ಆದರೆ ಅವರು ಕೊಡುತ್ತಿರುವುದು ಧರ್ಮದ ಕಾಸು. ನಮ್ಮ ಗಿರಣಿಗಳಲ್ಲಿ ಅಕ್ಕಿ ತುಂಬಿದ ಲಾರಿ ಗೇಟು ದಾಟುವ ಮುಂಚೆ ಧರ್ಮದ ಹೆಸರಿನಲ್ಲಿ ಒಂದಿಷ್ಟು ತೆಗೆದಿಡುವುದು ತಾತನ ಕಾಲದಿಂದ ನಡೆದು ಬಂದದ್ದು. ಅದರಲ್ಲಿ ದಾಸೋಹ ನಡೆದಿದೆ, ನೀರಮಾನ್ವಿ ದಾರಿಗೆ ಕುಡಿಯುವ ನೀರಿನ ತೊಟ್ಟಿ ಆಗಿದೆ. ಈಗ ಚೀನೀ ಭಾಷೆಯ ಸರದಿ.

"ಆದ್ರ ಧರ್ಮದ ಕಾಸಿಗೆ ಕಟ್ಟಳಿ ಅದಾವ, ನಿನಗ ಗೊತ್ತೇ ಅದ" ಎಂದ ಅಣ್ಣ. "ಕೊಟ್ಟವರ ಹೆಸರು ಎಲ್ಲೀನೂ ಹಾಕಬಾರದು. ಕೊಟ್ಟು ರಸೀದಿ ಕೇಳಬಾರದು."

ಮೂರನೆಯದನ್ನು ಅವ್ವ ಅಡುಗೆ ಮನೆಯಿಂದಲೇ ಕೂಗಿ ಹೇಳಿದಳು. "ಪಂಕ್ತಿಯಾಗ ಬಂದು ಕುಂತವರನ್ನ ಎಬ್ಬಸಬಾರದು!"

"ಯವ್ವಾ, ಅದು ಊಟದ ಪಂಕ್ತಿ. ಇದು ಕಾಲೇಜು."

"ಧರ್ಮದ ಕಾಸು ಯಾವುದಕ್ಕ ಹಾಕಿದ್ರೂ ಅದು ಪಂಕ್ತಿನ ಆಗ್ತದ, ಸುನಂದಾ."

ನನ್ನ ಅವ್ವ ಅನ್ನಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ಊಟ ಮಾಡಿ ಬಸ್ಸು ಹತ್ತಿದೆ.

ಜುಲೈ 24

ಹಣಕಾಸು ವಿಭಾಗದವರು ರಸೀದಿ ಇಲ್ಲದೆ ಹಣ ಮುಟ್ಟುವುದಿಲ್ಲ. ಅಣ್ಣ ರಸೀದಿ ಮುಟ್ಟುವುದಿಲ್ಲ. ನಡುವೆ ನಾನು. ಬೆಳಿಗ್ಗೆಯಿಂದ ಹತ್ತು ಸಲ ಫೋನು. ಕುಲಸಚಿವರು, "ಮೇಡಂ, ದಾನಿಗಳ ಹೆಸರಿಲ್ಲದ ದಾನ ನಾ ಸರ್ವೀಸಿನಾಗ ನೋಡಿಲ್ರೀ" ಎಂದರು. ಅವರ ಸರ್ವೀಸಿನಲ್ಲಿ ಅವರು ನೋಡದೆ ಇರುವುದು ಬಹಳ ಇದೆ.

ಹೀಗೇ ನಿಂತರೆ ಒಳ್ಳೆಯದೇ. ಕೋಣೆ ಉಳಿಯುತ್ತದೆ.

ಜುಲೈ 27

ಉಳಿಯಲಿಲ್ಲ. ಅವ್ವ ಗಿರಣಿಯ ಜೀಪಿನಲ್ಲಿ ಕೂತು ರಾಯಚೂರಿಗೇ ಬಂದುಬಿಟ್ಟಳು. ಹಣಕಾಸು ಅಧಿಕಾರಿಯ ಎದುರು ಕೂತು, "ರಸೀದಿ ಕೇಳೂದು ತಪ್ಪು. ಕೊಟ್ರ ತಗೊಳ್ಳೂದು ತಪ್ಪಲ್ಲ. ಕೊಡಪಾ" ಎಂದು ಕೈ ಚಾಚಿದಳು. ಹೆಸರು ಬೇಕೆಂದಾಗ, "ಕೊಟ್ಟವರದು ಬ್ಯಾಡ, ತಂದಾಕಿದು ಹಾಕು" ಎಂದು 'ಅನ್ನಮ್ಮ, ಮಾನ್ವಿ' ಬರೆಸಿ, ಅದನ್ನು ಓದದೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡು ವಾರ ನಾನು ಬಡಿದಾಡಿದ್ದು ಎರಡು ನಿಮಿಷಕ್ಕೆ ಮುಗಿಯಿತು. ಹೋಗುವಾಗ ನನಗೆ, "ಮಾರಿ ಯಾಕ ಹಿಂಗ ಮಾಡ್ಕೊಂಡೀ?" ಎಂದು ಬೇರೆ ಕೇಳಿದಳು.

ಆಗಸ್ಟ್ 3

ಕಲಿಸುವವರು ಬೇಕಲ್ಲ. ಜಾಹೀರಾತಿಗೆ ಅರ್ಜಿ ಬಂದದ್ದು ಒಂದೇ. ಭಾಗ್ಯಜ್ಯೋತಿ, ಚೀನೀ ಭಾಷೆಯಲ್ಲಿ ಎಂ.ಎ., ವಿಳಾಸ ದೇವದುರ್ಗ ತಾಲ್ಲೂಕು, ಕೃಷ್ಣಾ ದಂಡೆಯ ಗೂಗಲ್ ಹತ್ತಿರದ ಹಳ್ಳಿ. ಯಾರೋ ತಮಾಷೆ ಮಾಡಿದ್ದಾರೆಂದು ಕುಲಸಚಿವರಿಗೆ ಸಂಶಯ. "ನೀವೇ ಒಂದು ಸಲ ನೋಡಿ ಬರ್ರಿ" ಎಂದು ಕೈ ತೊಳೆದುಕೊಂಡರು. ಇನ್ನು ಸಂಚಾಲಕಿ ಎಂದರೆ ಏನು ಬೇಕಾದರೂ ಆಗಬಹುದು.

ಜೀಪು ಗೂಗಲ್ಲಿನ ಅಲ್ಲಮಪ್ರಭು ಗುಡಿ ದಾಟಿ ಹೊಳೆ ದಂಡೆಯಲ್ಲಿ ನಿಂತಿತು. ಮುಂದಕ್ಕೆ ಕೆಸರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಕುರಿ ಹಟ್ಟಿಯ ಮುಂದೆ ಒಬ್ಬ ಹುಡುಗಿ ಕುರಿಮರಿಯ ಬಾಯಿ ಬಿಡಿಸಿ ಔಷಧಿ ಕುಡಿಸುತ್ತಿದ್ದಳು. ಆಕೆಯೇ ಭಾಗ್ಯಜ್ಯೋತಿ. ಹೈದರಾಬಾದಿನಲ್ಲಿ ಓದಿದ್ದಾಳೆ, ಒಂದು ವರ್ಷ ವಿದ್ಯಾರ್ಥಿವೇತನದಲ್ಲಿ ಚೀನಾದಲ್ಲೂ ಇದ್ದು ಬಂದಿದ್ದಾಳೆ.

ಅವಳ ಅಪ್ಪ ಬೂದೆಪ್ಪ ಕಂಬಳಿ ಹಾಸಿ ಕೂರಿಸಿದ. ತಾಯಿ ಮಜ್ಜಿಗೆ ಕೊಟ್ಟಳು. ಚೆನ್ನೈ ಹತ್ತಿರದ ಒಂದು ಕಾರ್ಖಾನೆಯವರು ದುಭಾಷಿ ಕೆಲಸಕ್ಕೆ ಕರೆದಿದ್ದಾರಂತೆ. ಸಂಬಳ ನನ್ನದರ ಅರ್ಧಕ್ಕಿಂತ ಹೆಚ್ಚು. ಹಾಗಿದ್ದ ಮೇಲೆ ಈ ಸೋರುವ ಕಾಲೇಜು ಯಾಕೆ ಬೇಕೆಂದು ಕೇಳಿದೆ.

"ಅಲ್ಲಿ ಇಬ್ಬರ ನಡುವಿ ನಿಂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಸಬೇಕ್ರೀ ಮೇಡಂ. ನನ್ನ ಮಾತು ಒಂದೂ ಇರಂಗಿಲ್ಲ. ನಂಗ ಕಲಸಬೇಕು ಅಂತ ಆಸಿ ಅದ" ಎಂದಳು. "ಡಿಸೆಂಬರ್ ತನಕ ಟೈಮ್ ಕೇಳೀನಿ ಅವರನ್ನ. ಅಷ್ಟರಾಗ ಇಲ್ಲಿ ಹುದ್ದೆ ಖಾತ್ರಿ ಆದ್ರ ಇಲ್ಲೇ ಇರ್ತೀನಿ. ಆಗಲಿಲ್ಲಂದ್ರ ಹೋಗಬೇಕಾಗ್ತದ."

ಬೂದೆಪ್ಪ ಒಂದೇ ಮಾತು ಕೇಳಿದ. "ನನ್ನ ಮಗಳು ಅಷ್ಟು ದೂರ ಹೋಗಿ ಕಲತದ್ದು, ನಮ್ಮ ಸೀಮಿಯಾಗ ನಡೀತದೇನ್ರೀ?"

ನನಗೇನು ಗೊತ್ತು? ನೋಡೋಣ ಎಂದೆ. ಸೀರೆಯ ಅಂಚಿಗೆ ಹತ್ತಿದ ಕೆಸರು ಹೋಗಿಲ್ಲ. ಎರಡು ಸಲ ತೊಳೆದೆ.

ಆಗಸ್ಟ್ 21

ಉದ್ಘಾಟನೆ ಆಯಿತು. ಸ್ವಾಗತ ಭಾಷಣದವರು ಚೀನಾವನ್ನು ಬಿಟ್ಟು ಎಲ್ಲ ದೇಶಗಳ ಬಗ್ಗೆಯೂ ಮಾತಾಡಿದರು. ಅಣ್ಣನ ಕೈಗೆ ಮೈಕು ಸಿಕ್ಕಿತು.

"ಇದು ಧರ್ಮದ ಕಾಸು. ಫೀಸು ತಗೋಬಾರದು. ಯಾರು ಬಂದು ಕುಂತರೂ ಅವರನ್ನ ಎಬ್ಬಸಬಾರದು. ಒಪ್ಪಿಗಿ ಅದ ಅಂದ್ರ ಮುಂದೂ ಕೊಡ್ತೀವಿ, ಇಲ್ಲಂದ್ರ ಇಲ್ಲ" ಎಂದುಬಿಟ್ಟ, ಪತ್ರಿಕೆಯವರ ಎದುರಿಗೆ. ಕುಲಪತಿಗಳು ಆವೇಶದಲ್ಲಿ ಎದ್ದು ನಿಂತು, "ಒಪ್ಪಿಗೆ! ಜ್ಞಾನ ದಾಸೋಹ!" ಎಂದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಕುಲಸಚಿವರು ಮಾತ್ರ ತಟ್ಟಲಿಲ್ಲ. ನಾನೂ ತಟ್ಟಲಿಲ್ಲ. ಇವರಿಗೆ ಅವ್ವ ಗೊತ್ತಿಲ್ಲ. ಆ ಮಾತಿನ ಅರ್ಥ ಏನೆಂದು ನನಗೆ ಗೊತ್ತು.

ನಕ್ಷೆಗಳನ್ನು ಇಳಿಸಲು ಬಿಡಲಿಲ್ಲ. ಅಷ್ಟರ ಮಟ್ಟಿಗೆ ಗೆದ್ದೆ.

ಸೆಪ್ಟೆಂಬರ್ 2

ಮೊದಲ ತರಗತಿ. ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರು ಒಂದಿಷ್ಟು ಜನ, ಪ್ರಮಾಣಪತ್ರ ಯಾವುದಾದರೂ ಸರಿ ಎನ್ನುವವರು. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಇಬ್ಬರು ಗುತ್ತಿಗೆ ನೌಕರರು. ಮಾನ್ವಿಯ ಗಿರಣಿಗಳಿಂದ ಒಂದು ಟಂಟಂ ಆಟೋ ತುಂಬ ಹಮಾಲರು, ಮೆಕ್ಯಾನಿಕ್ಕುಗಳು. ಅವರ ಮುಂದಾಳು ಮುಜಾಹಿದ್, ಅಣ್ಣನ ಗಿರಣಿಯ ಫಿಟ್ಟರು, ಹತ್ತನೇ ತರಗತಿಯಲ್ಲಿ ಮೂರು ಸಲ ಡುಮ್ಕಿ. ಗೇಟಿನ ಮುಂದೆ ಮಿರ್ಚಿ ಬಜ್ಜಿಯ ಬಂಡಿ ಇಟ್ಟಿರುವ ಬಡೇಬೀ ಕೂಡ ಬಂದು ಕೊನೆಯ ಬೆಂಚಿನಲ್ಲಿ ಕೂತಳು.

"ನೀನ್ಯಾಕ ಬಂದಿ?" ಎಂದು ಕೇಳಿದೆ.

"ಫ್ಯಾನಿನ ಗಾಳಿಗೆ ಬಂದೆ ಮೇಡಮ್ಮಾ. ಎಣ್ಣಿ ಮುಂದ ನಿಂತು ನಿಂತು ಮೈಯೆಲ್ಲ ಉರೀತದ. ಎದ್ದು ಹೋಗ್ಲೇನು?"

ಹೋಗು ಎನ್ನಲು ಬಾಯಿ ತೆರೆದೆ. ಅವ್ವನ ಧ್ವನಿ ಕೇಳಿಸಿದಂತಾಯಿತು. ಕೂತ್ಕೋ ಎಂದೆ.

ಸೆಪ್ಟೆಂಬರ್ 3

ತಲೆನೋವು. ಪಕ್ಕದ ಕೋಣೆಯಲ್ಲಿ ನಾನು ಬಹಮನಿ ಅರಸರ ಬಗ್ಗೆ ಹೇಳುತ್ತಿದ್ದರೆ ಗೋಡೆಯಾಚೆ ಎಲ್ಲರೂ ಸೇರಿ 'ಮಾ ಮಾ ಮಾ ಮಾ' ಎಂದು ಅರಚುತ್ತಿದ್ದರು.

ಸೆಪ್ಟೆಂಬರ್ 17

ಕುಲಸಚಿವರು ನಿಯಮದ ಪುಸ್ತಕ ಹಿಡಿದು ಬಂದರು. ಸರ್ಟಿಫಿಕೇಟ್ ಕೋರ್ಸಿಗೆ ಪಿಯುಸಿ ಪಾಸಾಗಿರಬೇಕು. ಮಂಜೂರಾತಿಗೆ ಹದಿನೈದು ಅರ್ಹ ವಿದ್ಯಾರ್ಥಿಗಳು ಬೇಕು. ಡಿಸೆಂಬರಿನಲ್ಲಿ ಪರಿಶೀಲನಾ ಸಮಿತಿ ಬಂದು ತಲೆ ಎಣಿಸುತ್ತದೆ. ಕಡಿಮೆ ಬಿದ್ದರೆ ಕೋರ್ಸೂ ಇಲ್ಲ, ಹುದ್ದೆಯೂ ಇಲ್ಲ. ಅಲ್ಲಿಯವರೆಗೆ ಭಾಗ್ಯಜ್ಯೋತಿಗೆ ಸಂಬಳ ಕೊಡುವಂತಿಲ್ಲ.

"ದುಡ್ಡು ಖಾತೆಯಲ್ಲೇ ಇದೆಯಲ್ಲ ಸರ್."

"ದುಡ್ಡು ಅದ ಮೇಡಂ, ಹುದ್ದೆ ಇಲ್ರೀ."

ಆ ಹುಡುಗಿ ದೇವದುರ್ಗದ ಬಸ್ಸಿಗೆ ಸ್ವಂತ ದುಡ್ಡು ಹಾಕಿಕೊಂಡು ಬರುತ್ತಿದ್ದಾಳೆ. ಹೇಳಿದೆ. ಅವರು ಪುಟ ತಿರುವಿದರು. "ಮತ್ತ ಆ ಮಿರ್ಚಿ ಮಾರಾಕಿನ್ನ, ಹಮಾಲರನ್ನ ಮೊದಲು ಹೊರಗ ಹಾಕ್ರಿ" ಎಂದರು. ಕುಲಪತಿಗಳು ಮೈಕಿನಲ್ಲಿ ಒಪ್ಪಿದ್ದಾರೆ ಎಂದೆ. "ಮೈಕು ನಿಯಮದಾಗ ಇಲ್ರೀ" ಎಂದರು.

ನನಗೇನು, ಮಂಜೂರಾತಿ ಸಿಗದಿದ್ದರೆ ಕೋಣೆ ನನ್ನದು. ಆದರೂ ಮೈ ಉರಿಯಿತು.

ಅಕ್ಟೋಬರ್ 6

ಯಾರೋ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ, ಸರಿಯಾಗಿ ಮುದಗಲ್ಲಿನ ಮೇಲೆ. ಇನ್ನು ಕಾವಲಿಲ್ಲದೆ ಆಗುವುದಿಲ್ಲ ಎಂದು ತರಗತಿ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂರಲು ಶುರು ಮಾಡಿದ್ದೇನೆ. ಬಡೇಬೀ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಎಣ್ಣೆಯ ವಾಸನೆ.

ಈ ಭಾಷೆಯಲ್ಲಿ ನಾಲ್ಕು ಸ್ವರಗಳಂತೆ. ಭಾಗ್ಯಜ್ಯೋತಿ ಕೈ ಮೇಲೆ ಕೆಳಗೆ ಆಡಿಸಿ ಹೇಳುತ್ತಾಳೆ. ನಾಲ್ಕನೆಯದು ನಮ್ಮ ಕುಲಸಚಿವರು "ಇಲ್ರೀ" ಎನ್ನುವ ಸ್ವರ, ಮೇಲಿಂದ ಕೆಳಕ್ಕೆ ಒಂದೇ ಏಟು. ಅದು ಎಲ್ಲರಿಗೂ ಬರುತ್ತದೆ. ಮೂರನೆಯದೇ ಕಷ್ಟ, ಕೆಳಗೆ ಹೋಗಿ ಮೇಲೆ ಬರಬೇಕು. ಮುಜಾಹಿದ್ ಕೆಳಗೆ ಹೋದವನು ಮೇಲೆ ಬರುವುದೇ ಇಲ್ಲ.

ಇವತ್ತು ಬೂದೆಪ್ಪ ಬಂದಿದ್ದ. ರಾಯಚೂರಿನ ಸಂತೆಗೆ ಕುರಿ ಹೊಡೆದುಕೊಂಡು ಬಂದವನು, ಹೆಗಲ ಮೇಲೆ ಕಂಬಳಿ ಸಮೇತ ಒಳಗೆ ಬಂದು ಕೂತ. ಮಗಳು ಹಲಗೆಯ ಮೇಲೆ 'ಯಾಂಗ್' ಎಂದು ಬರೆದಳು, ಅಂದರೆ ಕುರಿ. ಮೇಲೆ ಎರಡು ಕೊಂಬು, ಕೆಳಗೆ ಮೂರು ಅಡ್ಡ ಗೆರೆ, ನಡುವೆ ಒಂದು ಉದ್ದ ಗೆರೆ. ಬೂದೆಪ್ಪ ಬಹಳ ಹೊತ್ತು ನೋಡಿದ. "ಇದು ಟಗರು" ಎಂದು ತೀರ್ಮಾನ ಕೊಟ್ಟು ಗೋಡೆಗೆ ಒರಗಿ ನಿದ್ದೆ ಹೋದ.

ಅಕ್ಟೋಬರ್ 25

ದೀಪಾವಳಿ ರಜೆ ಮುಗಿಯಿತು. ಮಾನ್ವಿಗೆ ಹೋಗಿದ್ದೆ. ಅಣ್ಣನ ಹತ್ತಿರ ಒಂದು ವಿಷಯ ವಾದ ಮಾಡಿದೆ. ಇಂಗ್ಲಿಷಿನವರು ಅಕ್ಕಿಗೂ ಅನ್ನಕ್ಕೂ ಒಂದೇ ಹೆಸರಿಟ್ಟು ಸುಮ್ಮನಾಗಿದ್ದಾರೆ. ಚೀನೀಯರು ಹಾಗಲ್ಲ, ಅಕ್ಕಿಗೆ ಮಿ, ಅನ್ನಕ್ಕೆ ಫಾನ್. ನಮ್ಮ ಹಾಗೆಯೇ ಬೇರೆ ಬೇರೆ. ಉಂಡವರಿಗೆ ತಾನೇ ಗೊತ್ತಾಗುವುದು? ಅಣ್ಣ, "ನೀ ಯಾವಾಗ ಕಲತಿ?" ಎಂದ. ಕಲಿತಿಲ್ಲ, ಕಿವಿಗೆ ಬಿದ್ದದ್ದು ಎಂದೆ. ಕಾವಲು ಕೂತವಳಿಗೆ ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ?

ಭಾಗ್ಯಜ್ಯೋತಿಗೆ ಚೆನ್ನೈನವರಿಂದ ಮತ್ತೆ ಫೋನು ಬಂದಿದೆ. ಡಿಸೆಂಬರ್ ದಾಟಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಹೋಗಲಿ, ಒಳ್ಳೆಯ ಸಂಬಳ. ಹೋಗುವ ಮುಂಚೆ ನನ್ನ 'ಮನೆ' ಅಕ್ಷರ ಯಾಕೆ ಪ್ರತಿ ಸಲ ಬಲಕ್ಕೆ ವಾಲುತ್ತದೆ ಎಂದಾದರೂ ಹೇಳಿ ಹೋಗಬೇಕು. ಅರ್ಧಕ್ಕೆ ಬಿಟ್ಟು ಹೋಗುವುದು ಯಾವ ನ್ಯಾಯ?

ನವೆಂಬರ್ 12

ಅಣ್ಣನ ಫೋನು, ಕೂಗಾಟ. ಗಿರಣಿಗೆ ಹೊಸ ನೆಲ್ಲು ಬಂದಿದೆ, ಯಂತ್ರ ನಿಂತು ಹೊಯ್ದುಕೊಳ್ಳುತ್ತಿತ್ತು. ಹೈದರಾಬಾದಿಗೆ ಫೋನು ಮಾಡುವಷ್ಟರಲ್ಲಿ ಮುಜಾಹಿದ್ ಪರದೆಯ ಮೇಲಿನ ಒಂದು ಅಕ್ಷರ ಗುರುತು ಹಿಡಿದನಂತೆ, ಬಾಗಿಲು. ಉಳಿದದ್ದನ್ನು ಫೋಟೋ ತೆಗೆದು ಭಾಗ್ಯಜ್ಯೋತಿಗೆ ಕಳಿಸಿದ. ಯಂತ್ರದ ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿಲ್ಲ ಎಂದು ಬರೆದಿತ್ತಂತೆ. ಮುಚ್ಚಿದ. ಯಂತ್ರ ನಡೆಯಿತು.

"ಇಷ್ಟು ವರ್ಷ ಆ ಸಾಹೇಬ ಬಾಗಲಾ ಮುಚ್ಚಿ ಹೋಗಾಕ ಬರ್ತಿದ್ನೇನ ಸುನಂದಾ!" ಎಂದು ಅಣ್ಣ ಅರ್ಧ ತಾಸು ಬೈದ. ಆ ಸಾಹೇಬನನ್ನು, ಚೀನಾವನ್ನು, ಕೊನೆಗೆ ನನ್ನನ್ನೂ. ನಾನೇನು ಮಾಡಿದೆ?

ನವೆಂಬರ್ 29

ಸಮಿತಿ ಬರುವ ದಿನ ಗೊತ್ತಾಯಿತು, ಡಿಸೆಂಬರ್ 10. ಪೊಲೀಸ್ ಕಾನ್‌ಸ್ಟೆಬಲ್ ಕೆಲಸದ ಓಟದ ಪರೀಕ್ಷೆಯೂ ಕಲಬುರಗಿಯಲ್ಲಿ ಅದೇ ದಿನ. ನಮ್ಮ ಅರ್ಹ ವಿದ್ಯಾರ್ಥಿಗಳಲ್ಲಿ ಬಹುಪಾಲು ಹುಡುಗರು ಅದಕ್ಕೆ ಹೋಗುತ್ತಾರೆ. ಹೋಗಬೇಡಿ ಎನ್ನಲು ಯಾವ ಬಾಯಿ ಇದೆ? ಸಮಿತಿಯ ದಿನ ಬದಲಿಸಿ ಎಂದು ಕುಲಸಚಿವರನ್ನು ಕೇಳಿದೆ. ನಾಲ್ಕನೆಯ ಸ್ವರದಲ್ಲಿ ಉತ್ತರ ಕೊಟ್ಟರು.

ಡಿಸೆಂಬರ್ 9

ಇವತ್ತು ಕುಲಸಚಿವರೇ ಚಹಾ ತರಿಸಿದರು. ಯೋಜನೆ ಹೀಗೆ. ನಾಳೆ ನನ್ನ ಬಿ.ಎ. ಇತಿಹಾಸದ ವಿದ್ಯಾರ್ಥಿಗಳನ್ನು ತಂದು ಚೀನೀ ತರಗತಿಯಲ್ಲಿ ಕೂರಿಸುವುದು. ಹಮಾಲರನ್ನೂ ಮಿರ್ಚಿಯವಳನ್ನೂ ಕುರಿಯವನನ್ನೂ ಒಂದು ತಾಸು ಹೊರಗೆ ಕಳಿಸುವುದು. ಸಮಿತಿ ತಲೆ ಎಣಿಸಿ ಹೋದ ಮೇಲೆ ಎಲ್ಲ ಮೊದಲಿನಂತೆ.

"ಎಲ್ಲಾ ಕಡಿ ಹಿಂಗ ಮಾಡ್ತಾರ್ರೀ ಮೇಡಂ. ಆ ಹುಡುಗಿ ನೌಕರಿ ಉಳೀಬೇಕೋ ಬ್ಯಾಡೋ?"

ಉಳಿಯಬೇಕು ಎಂದೆ. ಬೇಗ ಎಂದೆ, ನನಗೇ ಆಶ್ಚರ್ಯವಾಗುವಷ್ಟು ಬೇಗ. ಭಾಗ್ಯಜ್ಯೋತಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ನಮ್ಮಪ್ಪ ನಾಳೆ ಬರ್ತೀನಿ ಅಂದಾನ್ರೀ. ಹೊರಗ ನಿಂದ್ರು ಅಂತ ನಾ ಹೆಂಗ ಹೇಳ್ಲಿ?" ಎಂದಳು. ನಾನು ಹೇಳ್ತೀನಿ ಬಿಡು ಎಂದೆ. ಒಂದು ತಾಸಿನ ಮಾತು. ಆಕಾಶ ಕಳಚಿ ಬೀಳುವುದಿಲ್ಲ.

ಡಿಸೆಂಬರ್ 10

ಏನು ಮಾಡಿದೆನೋ ನನಗೇ ತಿಳಿಯುತ್ತಿಲ್ಲ. ಬರೆದರಾದರೂ ತಿಳಿಯಬಹುದು.

ನನ್ನ ಬಿ.ಎ. ಹುಡುಗರು ಕಮಾನಿನ ಕೆಳಗೆ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಕುಲಸಚಿವರು ಗಡಿಯಾರ ನೋಡುತ್ತಿದ್ದರು. ಸಮಿತಿಯ ಕಾರು ಗೇಟು ದಾಟಿತು. "ಹೋಗ್ರಿ ಮೇಡಂ, ಎಬ್ಬಸ್ರಿ" ಎಂದರು. ನಾನು ಒಳಗೆ ಹೋದೆ.

ತರಗತಿ ನಡೆದಿತ್ತು. ಮಾನ್ವಿಯಿಂದ ಎರಡು ಟಂಟಂ ಬಂದಿದ್ದವು, ಹೊಸ ನೆಲ್ಲಿನ ಕಾಲದಲ್ಲಿ ಅಣ್ಣ ಗಿರಣಿ ನಿಲ್ಲಿಸಿ ಕಳಿಸಿದ್ದ. ಬೂದೆಪ್ಪ ಇವತ್ತು ನಿದ್ದೆ ಮಾಡಿರಲಿಲ್ಲ. ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ಮುಂದಿನ ಬೆಂಚಿನಲ್ಲೇ ಕೂತಿದ್ದ. ಪಕ್ಕದಲ್ಲಿ ಭಾಗ್ಯಜ್ಯೋತಿಯ ತಾಯಿ. ಎಲ್ಲರೂ ಒಟ್ಟಿಗೆ 'ಛ ಫಾನ್ ಲ ಮಾ' ಎನ್ನುತ್ತಿದ್ದರು, ಊಟ ಆಯಿತೇ ಎಂದು. ನನ್ನನ್ನು ನೋಡಿ ಭಾಗ್ಯಜ್ಯೋತಿ ಮಾತು ನಿಲ್ಲಿಸಿದಳು. ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ತಲೆ ತಗ್ಗಿಸಿದಳು.

ಎಲ್ಲರೂ ಸ್ವಲ್ಪ ಏಳಿ ಎಂದು ಹೇಳಬೇಕಿತ್ತು. ಅಷ್ಟೇ. ಬಾಯಿವರೆಗೆ ಬಂದಿತ್ತು.

ಆಗ ಹಿಂದಿನಿಂದ ಬಡೇಬೀ ಕೂಗಿದಳು. "ಬರ್ರಿ ಮೇಡಮ್ಮಾ, ಲಗೂನ ಬರ್ರಿ. ಇವತ್ತು ಭಾಳ ಮಂದಿ ಅದಾರ. ನಿಮ್ಮ ಜಾಗಾ ಹಿಡದಿಟ್ಟೀನಿ."

ಬೆಂಚಿನ ಮೇಲೆ ತನ್ನ ಬಂಡಿಯ ಟವೆಲ್ಲು ಹಾಸಿ ಜಾಗ ಹಿಡಿದಿದ್ದಳು. ನಾನು ಬರುವುದು ಅವಳಿಗೆ ಖಾತ್ರಿಯಿತ್ತು. ನಾನು ಅಲ್ಲಿ ಕೂರುವವಳು, ಅಷ್ಟೇ ಅವಳಿಗೆ ಗೊತ್ತು.

ನಾನು ಹೋಗಿ ಕೂತೆ.

ಕುಲಸಚಿವರು ಬಾಗಿಲಲ್ಲಿ ಕಣ್ಣು ಬಿಟ್ಟರು, ಕೈ ಮಾಡಿದರು. ನಾನು ಹಲಗೆಯನ್ನು ನೋಡುತ್ತ ಕೂತೆ. ಅಷ್ಟರಲ್ಲಿ ಸಮಿತಿ ಒಳಗೆ ಬಂತು. ಅಧ್ಯಕ್ಷೆ ಧಾರವಾಡ ಕಡೆಯ ಹಿರಿಯ ಹೆಂಗಸು, ಇಳಕಲ್ ಸೀರೆ, ದಪ್ಪ ಕನ್ನಡಕ. ಬೆಂಚುಗಳನ್ನು ಒಂದು ಸುತ್ತು ನೋಡಿ ಬೂದೆಪ್ಪನ ಮುಂದೆ ನಿಂತರು.

"ಯಜಮಾನ್ರ, ನೀವ್ಯಾಕ ಚೀನೀ ಕಲೀಲಿಕ್ಕೆ ಬಂದೀರಿ?"

"ಕಲ್ಯಾಕಲ್ರೀ. ನನ್ನ ಮಗಳು ದುಡ್ಯೋದು ನೋಡಾಕ ಬಂದೀನಿ" ಎಂದ ಬೂದೆಪ್ಪ. "ನೋಡ್ತಾ ನೋಡ್ತಾ ಕುರಿ, ನೀರು, ಹೊಲ ಅಷ್ಟು ಬಂತ್ರೀ."

ಅಧ್ಯಕ್ಷೆ ಹಿಂದಕ್ಕೆ ಬಂದರು. ಬಡೇಬೀಯನ್ನು ನೋಡಿದರು, ನನ್ನನ್ನು ನೋಡಿದರು. "ನೀವು?"

"ವಿದ್ಯಾರ್ಥಿ" ಎಂದೆ. ಆ ಮಾತು ಎಲ್ಲಿಂದ ಬಂತೋ.

"ಸಂಚಾಲಕರು ಯಾರು ಇಲ್ಲೆ?"

"ಅದೂ ನಾನೇ."

"ಇವರೊಳಗ ಪಿಯುಸಿ ಆದವರು ಎಷ್ಟು ಜನ?"

ಬೆರಳಲ್ಲಿ ಮುಗಿಯುವಷ್ಟು. ಇದ್ದದ್ದು ಇದ್ದಂತೆ ಹೇಳಿದೆ. ಉಳಿದವರು ಪೊಲೀಸ್ ಓಟಕ್ಕೆ ಹೋಗಿದ್ದಾರೆ, ಹೊರಗೆ ನಿಂತಿರುವವರು ನನ್ನ ಇತಿಹಾಸದ ಮಕ್ಕಳು, ಇವರನ್ನು ಎಬ್ಬಿಸಿ ಅವರನ್ನು ಕೂರಿಸಬೇಕೆಂದಿದ್ದೆವು ಎಂದೂ ಹೇಳಿದೆ. ಕುಲಸಚಿವರು ಕೆಮ್ಮಿದರು. "ಇದು ಧರ್ಮದ ಕಾಸಿನ ತರಗತಿ. ಕೂತವರನ್ನು ಎಬ್ಬಿಸುವಂತಿಲ್ಲ. ಎಬ್ಬಿಸಲು ನನ್ನ ಕೈಯಲ್ಲಿ ಆಗಲಿಲ್ಲ. ತಪ್ಪು ಆ ಹುಡುಗಿಯದಲ್ಲ, ಆಕೆ ಸೆಪ್ಟೆಂಬರಿನಿಂದ ಸಂಬಳ ಇಲ್ಲದೆ ಕಲಿಸುತ್ತಿದ್ದಾಳೆ" ಎಂದೆ.

ಅಧ್ಯಕ್ಷೆ ಹೊರಗೆ ಸಾಲು ನಿಂತ ಹುಡುಗರನ್ನು ಬಾಗಿಲಿಂದ ಬಗ್ಗಿ ನೋಡಿ ಬಂದರು. ಆಮೇಲೆ, "ಸರ್ಟಿಫಿಕೇಟ್ ಕೋರ್ಸಿಗೆ ಒಪ್ಪಿಗಿ ಕೊಡ್ಲಿಕ್ಕೆ ಆಗೂದಿಲ್ಲ" ಎಂದರು.

ಭಾಗ್ಯಜ್ಯೋತಿ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟಳು.

"ಆದ್ರ ಮುಕ್ತ ತರಗತಿ ಅಂತ ಒಂದು ಅದ. ಅದಕ್ಕ ಪಿಯುಸಿನೂ ಬ್ಯಾಡ, ಸರ್ಕಾರದ ರೊಕ್ಕನೂ ಬ್ಯಾಡ. ಯಾವುದಾದ್ರೂ ಒಂದು ವಿಭಾಗ ಇದನ್ನ ತನ್ನದು ಅಂತ ತಗೋಬೇಕು, ಕಾಯಂ ಕೋಣಿ ಕೊಡಬೇಕು. ಅಂದ್ರ ಶಿಕ್ಷಕಿ ಹುದ್ದೆ ದಾನಿಗಳ ರೊಕ್ಕದಾಗ ನಡೀತದ. ಯಾವ ವಿಭಾಗ ತಗೋತದ?"

ಕುಲಸಚಿವರು ಫ್ಯಾನು ನೋಡಿದರು.

"ಇತಿಹಾಸ" ಎಂದೆ.

"ಕೋಣಿ?"

ಕೋಣೆ! ಗೋಡೆಯ ಮೇಲಿನ ನಕ್ಷೆಗಳನ್ನು ಒಮ್ಮೆ ನೋಡಿದೆ. ಮುದಗಲ್ಲಿನ ಮೇಲಿನ ಪೆನ್ಸಿಲ್ ಗೆರೆ ಇನ್ನೂ ಇತ್ತು.

"ಇದೇ" ಎಂದೆ.

ಅವರು ಬರೆದುಕೊಂಡರು. ಬಡೇಬೀ ತನ್ನ ಟವೆಲ್ಲು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಬೂದೆಪ್ಪ ಮಗಳ ಕಡೆ ತಿರುಗಿ, "ಯಾಕ ನಿಂತೀ ಯವ್ವಾ? ಹೇಳು ಮುಂದಿಂದು" ಎಂದ. ಅವಳು ಸೀಮೆಸುಣ್ಣ ಎತ್ತಿಕೊಂಡಳು. ಅಳುತ್ತಿದ್ದಳು, ಆದರೂ ಹೇಳಿಕೊಟ್ಟಳು.

ಡಿಸೆಂಬರ್ 11

ಕಾರಣ ಕೇಳಿ ಕುಲಸಚಿವರ ನೋಟೀಸು. ಉತ್ತರ ಬರೆದೆ. ನೋಟೀಸಿನಲ್ಲಿ ನಾಲ್ಕು ಕಾಗುಣಿತದ ತಪ್ಪಿದ್ದವು, ತಿದ್ದಿ ಅದನ್ನೂ ಲಗತ್ತಿಸಿದೆ.

ಜನವರಿ 7

ಆದೇಶ ಬಂತು. ಮುಕ್ತ ತರಗತಿ, ಇತಿಹಾಸ ವಿಭಾಗದ ಅಡಿಯಲ್ಲಿ. ಭಾಗ್ಯಜ್ಯೋತಿಗೆ ಮೂರು ವರ್ಷದ ಹುದ್ದೆ, ಹಿಂದಿನ ಸಂಬಳವೂ ಸೇರಿ. ನನಗೆ ಆ ನೋಟೀಸಿನ ಲೆಕ್ಕದಲ್ಲಿ ಒಂದು ಎಚ್ಚರಿಕೆ, ಜೊತೆಗೆ ನನ್ನ ಬಿ.ಎ. ತರಗತಿಗೆ ಸೋರುವ ಆರನೇ ನಂಬರಿನ ಕೋಣೆ. ಮಳೆಗಾಲಕ್ಕೆ ಬಕೆಟ್ಟು ತರಬೇಕು. ಕುಲಪತಿಗಳು ಪತ್ರಿಕೆಯವರ ಮುಂದೆ ಇದು ತಮ್ಮ ಕನಸಾಗಿತ್ತು ಎಂದರು.

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಬೈದುಕೊಂಡೇ ಹೇಳಿದೆ. ಅವಳು ಪೂರ್ತಿ ಕೇಳಿ, "ಊಟ ಆತೇನು?" ಎಂದಳು. ನನಗೆ ಅದು ಚೀನೀಯಲ್ಲೇ ಕೇಳಿಸಿತು.

ಜನವರಿ 21

ಮೊದಲ ಪರೀಕ್ಷೆಯ ಕಾಗದ ಕೊಟ್ಟಳು ಭಾಗ್ಯಜ್ಯೋತಿ. ನಾನು ಹುದ್ದೆ ಉಳಿಸಿದವಳು ಎಂಬ ಕನಿಕರ ಕೂಡ ಇಲ್ಲ. ಕುರಿ ಅಕ್ಷರಕ್ಕೆ ಒಂದು ಅಡ್ಡ ಗೆರೆ ಕಡಿಮೆ ಹಾಕಿದೆನೆಂದು ಅಂಕ ಕಳೆದಿದ್ದಾಳೆ. ಬೂದೆಪ್ಪ ಬಗ್ಗಿ ನೋಡಿ, "ಮೇಡಂ ಅವರ ಕುರಿ ಬಡಕಲಾಗ್ಯಾದ" ಎಂದ. ಇಡೀ ತರಗತಿ ನಕ್ಕಿತು. ಒಂದು ಗೆರೆಗೆ ಇಷ್ಟು ಅಂಕ ಕಳೆಯುವುದು ಯಾವ ಊರಿನ ಪದ್ಧತಿಯೋ. ನಾಳೆ ಕೇಳುತ್ತೇನೆ.

ಸಾಲದ್ದಕ್ಕೆ, ವಿಭಾಗದ ಸಭೆ ಮುಗಿಸಿ ತಡವಾಗಿ ಹೋದರೆ ನನ್ನ ಜಾಗದಲ್ಲಿ ಬಡೇಬೀ ಕೂತಿದ್ದಳು. ಕಿಟಕಿಯ ಗಾಳಿ ಅಲ್ಲೇ ಚೆನ್ನಾಗಿ ಬರುತ್ತದೆ ಎಂದು ಅವಳಿಗೂ ಗೊತ್ತಾಗಿಬಿಟ್ಟಿದೆ. ಆ ಜಾಗ ನನ್ನದೆಂದು ಇಡೀ ಕಾಲೇಜಿಗೆ ಗೊತ್ತು. ಸ್ವಲ್ಪ ಹೊತ್ತು ಅವಳ ಮುಂದೆ ನಿಂತೆ. ಅವಳು ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ.

ಎಬ್ಬಿಸುವಂತಿಲ್ಲವಲ್ಲ. ಬೆಂಚಿನ ಇನ್ನೊಂದು ತುದಿಗೆ ಹೋಗಿ ಗೋಡೆ ಪಕ್ಕ ಕೂತೆ.